ಕೋತ್‌ನ ಕಿಟಕಿ

ನಮಸ್ಕಾರ.

ಮಿಲಿಟ್ರಿಗೆ ಸೇರಿ ಮೊದಲ ಸಲ ರಜೆಗೆ ಊರಿಗೆ ಬಂದಾಗ ನನ್ನ ಜೊತೆ ಒಂದು ಕಪ್ಪು ಟ್ರಂಕ್ ಇತ್ತು. ಬಸ್ಸಿಳಿದ ಜಾಗದಿಂದ ಮನೆವರೆಗೂ ಹುಡುಗರ ಹಿಂಡು ನನ್ನ ಹಿಂದೆಯೇ ಬಂತು. ಜಗಲಿ ಮೇಲೆ ಟ್ರಂಕ್ ಇಟ್ಟು ಬೀಗ ತೆಗೆದೆ. ಕ್ಯಾಂಟೀನ್ ಸೋಪು, ಅಮ್ಮನಿಗೆ ಕಂಬಳಿ, ಅಪ್ಪನಿಗೆ ಒಂದು ಬಾಟಲಿ. ಅದು ಏನಿನ ಬಾಟಲಿ ಅಂತ ಬಾನುಲಿಯಲ್ಲಿ ಹೇಳುವುದು ಬೇಡ. ಪಕ್ಕದ ಮನೆಯ ಹುಡುಗ ಟ್ರಂಕಿನ ತಳದವರೆಗೂ ಕೈಯಾಡಿಸಿದ. ಆಮೇಲೆ ಮುಖ ಸಪ್ಪೆ ಮಾಡಿಕೊಂಡು ಕೇಳಿದ, "ಮಾಮ, ಗನ್ ಎಲ್ಲಿ?"

ಕೋತ್‌ನಲ್ಲಿದೆ ಅಂದೆ. ಅವನಿಗೆ ಅರ್ಥವಾಗಲಿಲ್ಲ. ಗನ್ ಇಲ್ಲದ ಮೇಲೆ ಅದೆಂಥ ಮಿಲಿಟ್ರಿ ಅಂತ ಎದ್ದು ಹೋದ.

ಅದೇ ಪ್ರಶ್ನೆಯನ್ನು ಅಮೆರಿಕದಲ್ಲಿ ದೊಡ್ಡವರೇ ವರ್ಷಗಟ್ಟಲೆ ಕೇಳಿದ್ದಾರೆ. ಗಡಿಯಾಚೆ ಯುದ್ಧಕ್ಕೆ ಕಳಿಸುವಾಗ ಸೈನಿಕನ ಕೈಗೆ ಮೆಷಿನ್ ಗನ್ ಕೊಡುತ್ತೀರಿ. ತನ್ನದೇ ದೇಶದ ನೆಲೆಯೊಳಗೆ ಅವನು ಸ್ವಂತ ಪಿಸ್ತೂಲು ಇಟ್ಟುಕೊಂಡು ಓಡಾಡುವಂತಿಲ್ಲ ಅನ್ನುತ್ತೀರಿ. ಇದು ಸರಿಯಾ? ನಾನು ಕೆಲವು ವರ್ಷ ಕೋತ್ ನೋಡಿಕೊಂಡವನು. ಹಾಗಾಗಿ ಈ ಪ್ರಶ್ನೆ ಬಂದಾಗಲೆಲ್ಲ ಕಿವಿ ನಿಮಿರುತ್ತದೆ.

ಕೋತ್ ಅಂದರೆ ಆಯುಧ ಇಡುವ ಕೋಣೆ. ರೈಫಲ್‌ಗಳು ಸಾಲಾಗಿ ನಿಂತಿರುತ್ತವೆ. ಪ್ರತಿಯೊಂದರ ಹಿಂಬದಿಯ ಹಿಡಿ ಮೇಲೂ ಒಂದು ನಂಬರ್ ಇರುತ್ತದೆ, ಅದೇ ಬಟ್ ನಂಬರ್. ಕಾವಲಿಗೆ ಹೋಗುವವನು ಕಿಟಕಿಗೆ ಬಂದು ನಂಬರ್ ಹೇಳುತ್ತಾನೆ, ರಿಜಿಸ್ಟರ್‌ನಲ್ಲಿ ಸಹಿ ಹಾಕುತ್ತಾನೆ, ರೈಫಲ್ ತಗೊಳ್ಳುತ್ತಾನೆ. ಕೆಲಸ ಮುಗಿದ ಮೇಲೆ ಖಾಲಿ ಮಾಡಿ, ತೋರಿಸಿ, ವಾಪಸ್ ಕೊಡುತ್ತಾನೆ. ಫೈರಿಂಗ್ ರೇಂಜ್‌ನಲ್ಲಿ ಹಾರಿಸಿದ ಗುಂಡಿನ ಖಾಲಿ ಕೋಶಕ್ಕೆ ನಾವು ಖೋಖಾ ಅನ್ನುತ್ತಿದ್ದೆವು. ಅದಕ್ಕೂ ಲೆಕ್ಕ. ಒಂದು ಖೋಖಾ ಕಡಿಮೆ ಬಿದ್ದರೆ ಇಡೀ ಕಂಪನಿ ಹುಲ್ಲಿನಲ್ಲಿ ಮಂಡಿಯೂರಿ ಹುಡುಕಬೇಕು. ಒಮ್ಮೆ ಮಳೆಯಲ್ಲಿ ಎರಡು ಗಂಟೆ ಹುಡುಕಿದ್ದೆವು. ಕೊನೆಗೆ ಅದು ಒಬ್ಬನ ಬೂಟಿನೊಳಗೇ ಇತ್ತು. ಅವತ್ತು ಅವನು ಕೇಳಿಸಿಕೊಂಡ ಮಾತುಗಳೂ ಬಾನುಲಿಗೆ ತಕ್ಕವಲ್ಲ.

ಈಗ ಟೆಕ್ಸಾಸ್‌ಗೆ ಹೋಗೋಣ. ಅಲ್ಲಿ ಕಿಲೀನ್ ಅನ್ನುವ ಊರಿದೆ. ಅದರ ಪಕ್ಕದಲ್ಲೇ ಫೋರ್ಟ್ ಹುಡ್ ಅನ್ನುವ ದೊಡ್ಡ ಸೇನಾ ನೆಲೆ. 2023ರಲ್ಲಿ ಅದರ ಹೆಸರು ಫೋರ್ಟ್ ಕವಾಜೋಸ್ ಆಯಿತು, 2025ರಲ್ಲಿ ಮತ್ತೆ ಫೋರ್ಟ್ ಹುಡ್ ಆಯಿತು. ಹೆಸರು ಬದಲಿಸುವ ಚಟ ನಮಗೊಬ್ಬರಿಗೇ ಇಲ್ಲ ನೋಡಿ. 2009ರ ನವೆಂಬರ್ 5ರಂದು ಅಲ್ಲಿನ ಒಂದು ಕಟ್ಟಡದಲ್ಲಿ ಸೈನಿಕರು ಸಾಲಿನಲ್ಲಿದ್ದರು. ವಿದೇಶಕ್ಕೆ ಹೊರಡುವ ಮುಂಚಿನ ವೈದ್ಯಕೀಯ ತಪಾಸಣೆ, ಚುಚ್ಚುಮದ್ದು, ಕಾಗದಪತ್ರ. ಯಾರ ಹತ್ತಿರವೂ ಆಯುಧವಿಲ್ಲ. ಅಲ್ಲಿಗೆ ನಿಡಾಲ್ ಹಸನ್ ಅನ್ನುವ ಮೇಜರ್ ಬಂದ. ಪಿಸ್ತೂಲು ತೆಗೆದು ಹಾರಿಸಲು ಶುರು ಮಾಡಿದ. 13 ಜನ ಸತ್ತರು, 30ಕ್ಕೂ ಜಾಸ್ತಿ ಜನ ಗಾಯಗೊಂಡರು. ಕುರ್ಚಿ ಎತ್ತಿಕೊಂಡು ಅವನ ಮೇಲೆ ನುಗ್ಗಿದವರಿದ್ದರು, ಅವರೂ ಉಳಿಯಲಿಲ್ಲ. ಕೊನೆಗೆ ಅವನನ್ನು ಕೆಡವಿದ್ದು ನೆಲೆಯ ಸಿವಿಲಿಯನ್ ಪೊಲೀಸರು.

ಕುರ್ಚಿ ಹಿಡಿದು ನುಗ್ಗಿದವರನ್ನು ನೆನೆಸಿಕೊಂಡರೆ ಯಾರಿಗಾದರೂ ಅನ್ನಿಸುತ್ತದೆ, ಅಯ್ಯೋ, ಅವರ ಸೊಂಟದಲ್ಲಿ ಒಂದು ಪಿಸ್ತೂಲು ಇದ್ದಿದ್ದರೆ ಅಂತ. ನನಗೂ ಅನ್ನಿಸಿತ್ತು. ಗೇಟಿನ ಹೊರಗೆ ಲೈಸೆನ್ಸ್ ಇರುವ ಸಾಮಾನ್ಯ ಜನ ಅಂಗಿಯೊಳಗೆ ಪಿಸ್ತೂಲು ಇಟ್ಟುಕೊಂಡು ತರಕಾರಿ ತರುವ ರಾಜ್ಯ ಅದು. ಗೇಟಿನ ಒಳಗೆ ತರಬೇತಾದ ಸೈನಿಕ ಬರಿಗೈ.

ಈ ನಿಯಮವನ್ನು ಬಿಲ್ ಕ್ಲಿಂಟನ್ ತಂದರು ಅಂತ ಅಲ್ಲಿ ಬಹಳ ಜನ ಬೈಯುತ್ತಾರೆ. ಅದು ತಪ್ಪು. ರಕ್ಷಣಾ ಇಲಾಖೆಯ ಆದೇಶ ಬಂದಿದ್ದು 1992ರ ಫೆಬ್ರವರಿಯಲ್ಲಿ, ಹಿರಿಯ ಬುಷ್ ಅಧ್ಯಕ್ಷರಾಗಿದ್ದಾಗ. ಅದಕ್ಕೂ ಮೊದಲೇನೂ ಬ್ಯಾರಕ್‌ನಲ್ಲಿ ಎಲ್ಲರೂ ಗನ್ ನೇತುಹಾಕಿಕೊಂಡು ಓಡಾಡುತ್ತಿರಲಿಲ್ಲ. ಶಾಂತಿಕಾಲದಲ್ಲಿ ಆಯುಧವನ್ನು ಬೀಗದೊಳಗೆ ಇಡುವುದು ಹೆಚ್ಚಿನ ಸೈನ್ಯಗಳ ಹಳೇ ಪದ್ಧತಿ.

ಬಂದೂಕಿನ ಪರವಾಗಿ ಮಾತಾಡುವವರ ಬಲವಾದ ಉದಾಹರಣೆ ಅಂದರೆ ಚಟನೂಗ. ಟೆನೆಸಿ ರಾಜ್ಯದ ಊರು. 2015ರ ಜುಲೈ 16ರಂದು ಒಬ್ಬ ಯುವಕ ಕಾರಿನಲ್ಲಿ ಬಂದು ಸೇನಾ ಭರ್ತಿ ಕಚೇರಿಯ ಮೇಲೆ ಗುಂಡಿನ ಮಳೆ ಸುರಿಸಿದ. ಭರ್ತಿ ಕಚೇರಿ ಅಂದರೆ ನಮ್ಮಲ್ಲಿಯ ಹಾಗೆ ಕಾಂಪೌಂಡು, ಗೇಟು, ಸಂತ್ರಿ ಇರುವ ಜಾಗ ಅಂದುಕೊಳ್ಳಬೇಡಿ. ಅಂಗಡಿ ಸಾಲಿನಲ್ಲಿ ಅದೂ ಒಂದು ಮಳಿಗೆ. ಮುಂದೆ ಗಾಜಿನ ಬಾಗಿಲು. ಇಲ್ಲಿ ಬಂದೂಕು ತರಬಾರದು ಅನ್ನುವ ಸ್ಟಿಕ್ಕರ್, ಅದರ ಸುತ್ತ ಗುಂಡಿನ ತೂತುಗಳು. ಆ ಫೋಟೋ ಊರೂರು ಸುತ್ತಿತು. ಅಲ್ಲಿಂದ ಅವನು ನೌಕಾಪಡೆಯ ಮೀಸಲು ಕೇಂದ್ರಕ್ಕೆ ಹೋದ. ಮರೀನ್ ಪಡೆಯ ನಾಲ್ವರು ಸೈನಿಕರು ಅಲ್ಲೇ ಸತ್ತರು, ಒಬ್ಬ ನಾವಿಕ ಎರಡು ದಿನ ಬಿಟ್ಟು ತೀರಿಕೊಂಡ. ಅಲ್ಲಿನ ನೌಕಾ ಅಧಿಕಾರಿಯೊಬ್ಬರು ನಿಯಮ ಮೀರಿ ತಮ್ಮ ಸ್ವಂತ ಪಿಸ್ತೂಲಿನಿಂದ ಎದುರು ಗುಂಡು ಹಾರಿಸಿದ್ದರು. ಅವರ ಮೇಲೆ ಕೇಸ್ ಹಾಕಲಿಲ್ಲ. ಹಾಕಿದ್ದರೆ ಜನ ಸುಮ್ನೆ ಬಿಡುತ್ತಿರಲಿಲ್ಲ ಬಿಡಿ.

ಇದಾದ ಮೇಲೆ ಟೆಕ್ಸಾಸ್, ಒಕ್ಲಹೋಮ, ಲೂಸಿಯಾನ ರಾಜ್ಯಗಳ ಗವರ್ನರ್‌ಗಳು ತಮ್ಮ ನ್ಯಾಷನಲ್ ಗಾರ್ಡ್, ಅಂದರೆ ರಾಜ್ಯದ ಮೀಸಲು ಪಡೆಯ, ಸೈನಿಕರು ಆಯುಧ ಇಟ್ಟುಕೊಳ್ಳಬಹುದು ಅಂತ ಆದೇಶ ಹೊರಡಿಸಿದರು. ಊರಿನ ಜನ ತಾವೇ ರೈಫಲ್ ಹಿಡಿದು ಭರ್ತಿ ಕಚೇರಿಗಳ ಮುಂದೆ ಕಾವಲು ನಿಂತರು. ಒಂದೇ ವಾರದಲ್ಲಿ ಏನಾಯಿತು ಕೇಳಿ. ಒಹಾಯೊದಲ್ಲಿ ಹೀಗೆ ಕಾವಲು ನಿಂತಿದ್ದ ಒಬ್ಬನ ರೈಫಲ್ ಗೊತ್ತಿಲ್ಲದೆ ಹಾರಿ ಗುಂಡು ನೆಲಕ್ಕೆ ಬಡಿಯಿತು. ಜಾರ್ಜಿಯಾದಲ್ಲಿ ಭರ್ತಿ ಕಚೇರಿಯ ನಾವಿಕನೊಬ್ಬ ತನ್ನ ಪಿಸ್ತೂಲಿನಿಂದ ತನ್ನ ತೊಡೆಗೇ ಗುಂಡು ಹೊಡೆದುಕೊಂಡ. ಬೇಕಂತಲೇ ಅಲ್ಲ, ಕೈತಪ್ಪಿ.

ನಗಬೇಡಿ. ಕೋತ್‌ನಲ್ಲಿ ಕೆಲಸ ಮಾಡಿದವನಿಗೆ ಇದು ನಗುವ ವಿಷಯವಲ್ಲ. ಖಾಲಿ ಇದೆ ಅಂದುಕೊಂಡ ಬಂದೂಕೇ ಹಾರುವುದು. ತುಂಬಿದೆ ಅಂತ ಗೊತ್ತಿದ್ದರೆ ಎಲ್ಲರೂ ಹುಷಾರಾಗಿಯೇ ಇರುತ್ತಾರೆ, ಅಲ್ವಾ? ಆಗ ಅಮೆರಿಕದ ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ರೇ ಒಡಿಯರ್ನೊ ಚಟನೂಗದ ಮಾರನೇ ದಿನವೇ ಇದನ್ನು ಹೇಳಿದ್ದರು. ಎಲ್ಲರ ಕೈಗೂ ಆಯುಧ ಕೊಟ್ಟರೆ ಆಕಸ್ಮಿಕ ಗುಂಡಿನ ಚಿಂತೆಯೂ ಜೊತೆಗೆ ಬರುತ್ತದೆ ಅನ್ನುವುದು ಅವರ ಮಾತಿನ ಸಾರ. ಅದಕ್ಕೂ ಮುಂಚೆ, 2014ರ ಏಪ್ರಿಲ್‌ನಲ್ಲಿ, ಅದೇ ಫೋರ್ಟ್ ಹುಡ್‌ನಲ್ಲಿ ಎರಡನೇ ಸಲ ಗುಂಡಿನ ದಾಳಿ ನಡೆದು ಮೂವರು ಸತ್ತಿದ್ದರು. ಆಗ ಅಲ್ಲಿನ ಕಮಾಂಡರ್ ಆಗಿದ್ದ ಮಾರ್ಕ್ ಮಿಲಿ ಕೂಡ ಸೈನಿಕರು ಸ್ವಂತ ಬಂದೂಕು ಹೊರುವುದಕ್ಕೆ ಒಪ್ಪಲಿಲ್ಲ. ಇವರು ಯಾರೂ ಬಂದೂಕು ಕಂಡರೆ ಬೆದರುವವರಲ್ಲ. ಜೀವನವೆಲ್ಲ ಅದರ ಜೊತೆಗೇ ಕಳೆದವರು.

ನನಗೆ ಇನ್ನೂ ಜಾಸ್ತಿ ಕಾಡುವುದು ಬೇರೆ. ಗುಂಡು ಹಾರಿಸಿದವರು ಯಾರು? ಹಸನ್ ಮೇಜರ್, ಒಳಗಿನವನು. ಅದೂ ಮನೋವೈದ್ಯ, ಸೈನಿಕರ ಮನಸ್ಸು ನೋಡಬೇಕಾದವನು. 2014ರವನೂ ಸೈನಿಕನೇ. 2013ರಲ್ಲಿ ವಾಷಿಂಗ್ಟನ್ ನೇವಿ ಯಾರ್ಡ್ ಅನ್ನುವ ನೌಕಾ ನೆಲೆಯಲ್ಲಿ 12 ಜನರನ್ನು ಕೊಂದವನು ಅಲ್ಲೇ ಗುತ್ತಿಗೆ ಕೆಲಸ ಮಾಡುತ್ತಿದ್ದವನು. 2019ರಲ್ಲಿ ಫ್ಲಾರಿಡಾದ ಪೆನ್ಸಕೋಲ ನೌಕಾ ವಾಯುನೆಲೆಯಲ್ಲಿ ಮೂವರನ್ನು ಕೊಂದವನು ಅಲ್ಲೇ ತರಬೇತಿ ಪಡೆಯುತ್ತಿದ್ದ ಸೌದಿ ವಾಯುಪಡೆಯ ಅಧಿಕಾರಿ. ಚಟನೂಗ ಬಿಟ್ಟರೆ ಎಲ್ಲರೂ ಗೇಟಿನಲ್ಲಿ ಗುರುತಿನ ಚೀಟಿ ತೋರಿಸಿ ಒಳಗೆ ಹೋಗಬಹುದಾದವರೇ. ಎಲ್ಲರಿಗೂ ಪಿಸ್ತೂಲು ಇಟ್ಟುಕೊಳ್ಳಲು ಬಿಟ್ಟರೆ ಇಂಥವರಿಗೂ ಬಿಟ್ಟ ಹಾಗೆ.

2025ರ ಆಗಸ್ಟ್‌ನಲ್ಲಿ ಜಾರ್ಜಿಯಾದ ಫೋರ್ಟ್ ಸ್ಟುವರ್ಟ್‌ನಲ್ಲಿ ಒಬ್ಬ ಸಾರ್ಜೆಂಟ್ ತನ್ನ ಸ್ವಂತ ಪಿಸ್ತೂಲಿನಿಂದ ಐವರು ಸಹೋದ್ಯೋಗಿಗಳಿಗೆ ಗುಂಡು ಹೊಡೆದ. ಬರಿಗೈಯಲ್ಲಿದ್ದ ಜೊತೆಗಾರರೇ ಮೇಲೆ ಬಿದ್ದು ಅವನನ್ನು ಹಿಡಿದರು. ಐವರೂ ಬದುಕಿದರು. ಎರಡೂ ಕಡೆಯವರು ಇದನ್ನು ತಮ್ಮ ವಾದಕ್ಕೆ ಬಳಸಬಹುದು. ನೋಡಿ, ನಿಯಮ ಇದ್ದೂ ಪಿಸ್ತೂಲು ಒಳಗೆ ಬಂತಲ್ಲ ಅಂತ ಒಬ್ಬರು. ನೋಡಿ, ಪಿಸ್ತೂಲಿಲ್ಲದೆಯೂ ಹಿಡಿದರಲ್ಲ ಅಂತ ಇನ್ನೊಬ್ಬರು.

ನಮ್ಮ ಮನೆ ಹತ್ತಿರದ ಸಂಗತಿಗೂ ಬರುತ್ತೇನೆ. 2023ರ ಏಪ್ರಿಲ್ 12ರ ಬೆಳಗಿನ ಜಾವ, ಪಂಜಾಬಿನ ಬಠಿಂಡಾ ಸೇನಾ ನೆಲೆಯಲ್ಲಿ ನಾಲ್ವರು ಯುವ ಸೈನಿಕರು ಮಲಗಿದ್ದಲ್ಲೇ ಕೊಲೆಯಾದರು. ಅವರಲ್ಲಿ ಇಬ್ಬರು ನಮ್ಮ ಕರ್ನಾಟಕದವರು, ಇಬ್ಬರು ತಮಿಳುನಾಡಿನವರು. ಮೊದಲು ಎಲ್ಲರೂ ಭಯೋತ್ಪಾದಕರೇನೋ ಅಂದುಕೊಂಡರು. ಆಮೇಲೆ ಪೊಲೀಸರು ಹಿಡಿದದ್ದು ಅವರದೇ ಘಟಕದ ಒಬ್ಬ ಗನ್ನರ್‌ನನ್ನು, ಅಂದರೆ ಫಿರಂಗಿ ದಳದ ಸೈನಿಕನನ್ನು. ಕೆಲವು ದಿನ ಮೊದಲು ಅಲ್ಲೇ ಒಂದು ಇನ್ಸಾಸ್ ರೈಫಲ್ ಕಾಣೆಯಾಗಿತ್ತು. ಲೆಕ್ಕ ತಪ್ಪಿದ ಒಂದು ರೈಫಲ್. ಮಲಗಿದ್ದವರ ದಿಂಬಿನಡಿ ಪಿಸ್ತೂಲು ಇದ್ದರೂ ಏನೂ ಪ್ರಯೋಜನವಾಗುತ್ತಿರಲಿಲ್ಲ.

ಇನ್ನೊಂದು ಕಡೆಯೂ ಹೇಳಬೇಕು. ಇಲ್ಲದಿದ್ದರೆ ಮೋಸವಾಗುತ್ತದೆ. 2016ರ ಜನವರಿಯಲ್ಲಿ ಪಠಾಣ್‌ಕೋಟ್ ವಾಯುನೆಲೆಗೆ ಉಗ್ರರು ನುಗ್ಗಿದರು. ಬೆಂಗಳೂರಿನಲ್ಲಿ ಬೆಳೆದ ಲೆಫ್ಟಿನೆಂಟ್ ಕರ್ನಲ್ ನಿರಂಜನ್ ಅವರನ್ನು ನಾವು ಕಳೆದುಕೊಂಡದ್ದು ಅಲ್ಲೇ. ಅದೇ ದಾಳಿಯಲ್ಲಿ ರಕ್ಷಣಾ ಭದ್ರತಾ ದಳದ ಹವಾಲ್ದಾರ್ ಜಗದೀಶ್ ಚಂದ್ ಅಡುಗೆಮನೆ ಹತ್ತಿರ ಇದ್ದರು, ಕೈಯಲ್ಲಿ ಆಯುಧವಿಲ್ಲ. ಒಬ್ಬ ಉಗ್ರನ ಮೇಲೆ ಬಿದ್ದು, ಅವನ ರೈಫಲನ್ನೇ ಕಿತ್ತು ಅವನನ್ನು ಕೊಂದರು. ಉಳಿದವರ ಗುಂಡಿಗೆ ತಾವೂ ಬಲಿಯಾದರು. ಅವರಿಗೆ ಕೀರ್ತಿ ಚಕ್ರ ಕೊಟ್ಟರು. ಆ ಹವಾಲ್ದಾರರ ಮನೆಯವರ ಮುಂದೆ ನಿಂತು ಕೋತ್‌ನ ಶಿಸ್ತಿನ ಬಗ್ಗೆ ಭಾಷಣ ಮಾಡಲು ನನಗೆ ಬಾಯಿ ಬರುವುದಿಲ್ಲ.

ನಮ್ಮ ರೆಜಿಮೆಂಟಿನಲ್ಲಿ ಕೊಡಗಿನ ಗೆಳೆಯನೊಬ್ಬನಿದ್ದ. ಕೊಡವರಿಗೆ ಮತ್ತು ತಲೆಮಾರುಗಳಿಂದ ಬಂದ ಜಮ್ಮಾ ಜಮೀನು ಇರುವವರಿಗೆ ಬಂದೂಕಿನ ಲೈಸೆನ್ಸ್‌ನಿಂದ ವಿನಾಯಿತಿ ಇದೆಯಲ್ಲ, ಅದನ್ನು ಹೇಳಿಕೊಂಡು ನಮ್ಮನ್ನು ರೇಗಿಸುತ್ತಿದ್ದ. ಊರಲ್ಲಿ ಲೈಸೆನ್ಸ್ ಇಲ್ಲದೆ ಕೋವಿ ಇಡುವ ನಾನು, ಇಲ್ಲಿ ಮಿಲಿಟ್ರಿಗೆ ಬಂದು ನಿನ್ನ ಕಿಟಕಿ ಮುಂದೆ ಸಹಿ ಹಾಕಬೇಕಾ ಅನ್ನುತ್ತಿದ್ದ. ಆದರೂ ಅವನಷ್ಟು ಚೊಕ್ಕವಾಗಿ ರೈಫಲ್ ವಾಪಸ್ ಕೊಟ್ಟವರನ್ನು ನಾನು ನೋಡಿಲ್ಲ. ಕೋವಿಗೆ ಕೈಲ್‌ಪೊಳ್ದ್ ಹಬ್ಬದ ದಿನ ಹೂವಿಟ್ಟು ಪೂಜೆ ಮಾಡುವ ಮನೆಯವನು. ಮನೆಯ ಕೋವಿಗೆ ಮನೆಯ ಹಿರಿಯರೇ ಕೋತ್.

ಈಗ ಯಾರೂ ಗಟ್ಟಿಯಾಗಿ ಮಾತಾಡದ ಒಂದು ವಿಷಯ. ಸೈನಿಕರ ಆತ್ಮಹತ್ಯೆ. ಅಮೆರಿಕದ ಸೈನ್ಯದಲ್ಲಿ ಆತ್ಮಹತ್ಯೆ ಮಾಡಿಕೊಳ್ಳುವವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಬಳಸುವುದು ಬಂದೂಕನ್ನೇ. ಇಸ್ರೇಲ್‌ನಲ್ಲಿ ಹುಡುಗ ಸೈನಿಕರು ವಾರದ ಕೊನೆಗೆ ರೈಫಲ್ ಹೆಗಲಿಗೇರಿಸಿಕೊಂಡೇ ಮನೆಗೆ ಹೋಗುತ್ತಿದ್ದರು. 2006ರಲ್ಲಿ ಅಲ್ಲಿನ ಸೈನ್ಯ ಒಂದು ಸಣ್ಣ ಬದಲಾವಣೆ ಮಾಡಿತು. ರಜೆಗೆ ಹೋಗುವಾಗ ರೈಫಲ್ ನೆಲೆಯಲ್ಲೇ ಬಿಟ್ಟು ಹೋಗಿ ಅಂತ. ಅಷ್ಟೇ. ಆತ್ಮಹತ್ಯೆ ಸುಮಾರು 40 ಶೇಕಡಾ ಇಳಿಯಿತು. ಇಳಿದದ್ದು ಮುಖ್ಯವಾಗಿ ವಾರಾಂತ್ಯದ ಸಾವುಗಳು. ವಾರದ ನಡುವಿನವು ಹೆಚ್ಚುಕಮ್ಮಿ ಹಾಗೇ ಉಳಿದವು. ಅಂದರೆ ಆ ಹುಡುಗರು ಬೇರೆ ದಾರಿ ಹುಡುಕಿಕೊಂಡು ಹೋಗಲಿಲ್ಲ. ಕೈಗೆ ಸಿಗಲಿಲ್ಲ, ಆ ಕೆಟ್ಟ ಗಳಿಗೆ ದಾಟಿತು, ಬದುಕಿದರು.

ನನ್ನ ಕಿಟಕಿಯಲ್ಲಿ ಒಂದು ಸಂಜೆ ನಡೆದದ್ದು ಹೇಳುತ್ತೇನೆ. ರಾತ್ರಿ ಕಾವಲಿಗೆ ಒಬ್ಬ ಹುಡುಗ ಬಂದ. ಬಟ್ ನಂಬರ್ ಹೇಳಿದ. ದಿನಾ ಹೇಳುವ ನಂಬರೇ, ಅವತ್ತು ತಪ್ಪು ಹೇಳಿದ. ತಲೆ ಎತ್ತಿ ನೋಡಿದೆ. ಕಣ್ಣು ಕೆಂಪಾಗಿತ್ತು. ಊಟ ಆಯ್ತೇನೋ ಅಂದೆ, ಉತ್ತರವಿಲ್ಲ. ರಿಜಿಸ್ಟರ್ ಮುಚ್ಚಿದೆ. ನಿನ್ನ ರೈಫಲ್ ರಿಪೇರಿಗೆ ಹೋಗಿದೆ ಅಂತ ಸುಳ್ಳು ಹೇಳಿ ಕೂರಿಸಿಕೊಂಡು, ಸುಬೇದಾರ್ ಸಾಹೇಬರಿಗೆ ಹೇಳಿಕಳಿಸಿದೆ. ಅವತ್ತು ಅವನ ಬದಲು ಬೇರೆಯವನು ಕಾವಲಿಗೆ ಹೋದ. ಮನೆಯಿಂದ ಬಂದಿದ್ದ ಸುದ್ದಿ ಏನು ಅನ್ನುವುದು ಆಮೇಲೆ ಗೊತ್ತಾಯಿತು, ಅದು ಅವನ ಮನೆ ವಿಷಯ. ಅವನಿಗೆ ಎರಡೇ ದಿನದಲ್ಲಿ ರಜೆ ಕೊಡಿಸಿದರು. ಅವನು ಏನು ಮಾಡಿಕೊಳ್ಳುತ್ತಿದ್ದನೋ, ಏನೂ ಮಾಡಿಕೊಳ್ಳುತ್ತಿರಲಿಲ್ಲವೋ ನನಗೆ ಗೊತ್ತಿಲ್ಲ.

2016ರ ನವೆಂಬರ್‌ನಲ್ಲಿ ಅಮೆರಿಕದ ರಕ್ಷಣಾ ಇಲಾಖೆ ಹಳೇ ಆದೇಶವನ್ನು ಸಡಿಲಿಸಿತು. ಲೆಫ್ಟಿನೆಂಟ್ ಕರ್ನಲ್ ದರ್ಜೆಯ ಕಮಾಂಡರ್, ಅಥವಾ ಅದಕ್ಕೂ ಮೇಲಿನವರು, ಬರಹದಲ್ಲಿ ಅನುಮತಿ ಕೊಟ್ಟರೆ ಸೈನಿಕ ಸ್ವಂತ ಪಿಸ್ತೂಲು ಇಟ್ಟುಕೊಳ್ಳಬಹುದು ಅಂತಾಯಿತು. ಅಂಗಡಿ ಸಾಲಿನಲ್ಲಿ, ಗಾಜಿನ ಹಿಂದೆ ಕೂತವರಿಗೆ ಇಂಥ ಅನುಮತಿ ಬೇಕೇ ಬೇಕು ಅಂತ ನಾನೂ ಹೇಳುತ್ತೇನೆ. ನೆಲೆಯೊಳಗೆ ಡ್ಯೂಟಿ ಮೇಲಿರುವ ಸಶಸ್ತ್ರ ಕಾವಲುಗಾರರು ಜಾಸ್ತಿ ಆಗಲಿ, ಅಡುಗೆಮನೆ, ಆಸ್ಪತ್ರೆ, ಕ್ವಾರ್ಟರ್ಸ್ ಎಲ್ಲ ಕಡೆ ಇರಲಿ. ಪಠಾಣ್‌ಕೋಟ್ ಕಲಿಸಿದ್ದು ಅದನ್ನೇ. ಆದರೆ ಎಲ್ಲರಿಗೂ, ಅವರವರ ಸ್ವಂತ ಪಿಸ್ತೂಲು, ಅವರವರ ಸೊಂಟದಲ್ಲಿ ಅಂದಾಗ ನನಗೆ ಒಂದೇ ಪ್ರಶ್ನೆ. ಕಮಾಂಡರ್ ಸಹಿ ಹಾಕುವುದು ಒಂದು ದಿನ. ಆ ಹುಡುಗನ ಕಣ್ಣು ಕೆಂಪಾಗುವುದು ಯಾವ ದಿನವೋ. ಆ ಸಂಜೆ ಅವನು ಪಿಸ್ತೂಲು ಕೇಳಿಕೊಂಡು ಯಾವ ಕಿಟಕಿಗೂ ಬರಬೇಕಾಗಿಲ್ಲ.

ನಮಸ್ಕಾರ.