ಗೊನೆ ಒಮ್ಮೆಗೇ ಹಣ್ಣಾದಾಗ

ಕೇಳುಗರೆಲ್ಲರಿಗೂ ನಮಸ್ಕಾರ.

ಬಾಳೆಗೊನೆಯ ಹಟ ನಮ್ಮ ಮಲೆನಾಡಿನವರಿಗೆ ಗೊತ್ತಿಲ್ಲದ್ದೇನಲ್ಲ. ಕಡಿದು ತಂದು ಜಗಲಿಯ ತೊಲೆಗೆ ನೇತು ಹಾಕಿದರೆ ಮೊದಮೊದಲು ಜಪ್ಪಯ್ಯ ಅಂದರೂ ಬಣ್ಣ ಬದಲಿಸುವುದಿಲ್ಲ. ಮೇಲಿನ ಚಿಪ್ಪು ಹಳದಿಗೆ ತಿರುಗಿದ್ದೇ ತಡ, ನೋಡನೋಡುತ್ತಿದ್ದಂತೆ ಇಡೀ ಗೊನೆ ಹಣ್ಣು. ಹಣ್ಣಾಗುವ ಬಾಳೆ ಎಥಿಲೀನ್ ಎಂಬ ಅನಿಲ ಬಿಡುತ್ತದೆ, ಅದು ಪಕ್ಕದ ಕಾಯಿಯನ್ನೂ ಹಣ್ಣು ಮಾಡುತ್ತದೆ. ಆಚೆ ಮನೆಗೆ ಒಂದು ಚಿಪ್ಪು ಕೊಟ್ಟು ಬರೋಣ ಎಂದು ಹೊರಟರೆ ಅವರ ಜಗಲಿಯಲ್ಲೂ ಒಂದು ಗೊನೆ ನೇತಾಡುತ್ತಿರುತ್ತದೆ. ರಸಾಯನ ಆಯಿತು, ಹಲ್ವ ಆಯಿತು, ಬನ್ಸ್ ಆಯಿತು, ಉಳಿದದ್ದು ಕೊಟ್ಟಿಗೆಗೆ. ಹಾಗೆ ಕೊಟ್ಟಿಗೆಗೆ ಹೊರಟ ಕಪ್ಪು ಸಿಪ್ಪೆಯ ಹಣ್ಣನ್ನು ಇವತ್ತು ಅಡುಗೆಮನೆಗೇ ವಾಪಸು ಕರೆಯೋಣ. ಚಾಕೊಲೇಟ್ ಬಾಳೆಹಣ್ಣಿನ ಮಫಿನ್‌ಗೆ ಅದಕ್ಕಿಂತ ಒಳ್ಳೆಯ ಹಣ್ಣು ಸಿಗುವುದಿಲ್ಲ.

ಬಲಿತ ಬಾಳೆಕಾಯಿಯ ತಿರುಳಿನಲ್ಲಿ ನೂರಕ್ಕೆ 20ರಷ್ಟು ಪಿಷ್ಟ ಇರುತ್ತದೆ. ಪೂರ್ತಿ ಹಣ್ಣಾಗುವ ಹೊತ್ತಿಗೆ ಅದು 1ಕ್ಕೆ ಇಳಿದು, ಉಳಿದದ್ದೆಲ್ಲ ಹೆಚ್ಚುಕಡಿಮೆ ಸಕ್ಕರೆಯಾಗಿರುತ್ತದೆ. ಸಿಪ್ಪೆಯ ಮೇಲೆ ಚುಕ್ಕಿ ಬಿದ್ದು, ಚುಕ್ಕಿಗಳು ಕೂಡಿಕೊಂಡು ಕಪ್ಪಾದಾಗ ಒಳಗಿನ ತಿರುಳು ಬೆರಳಲ್ಲಿ ಒತ್ತಿದರೆ ಜಾರುವಷ್ಟು ಮೆತ್ತಗಾಗುತ್ತದೆ. ಫೋರ್ಕೂ ಬೇಡ, ಮಿಕ್ಸಿಯೂ ಬೇಡ, ಕೈಯಲ್ಲೇ ಕಿವುಚಬಹುದು. ನಡುವೆ ಒಂದೆರಡು ಗಂಟು ಉಳಿದರೆ ಉಳಿಯಲಿ, ತಿನ್ನುವಾಗ ಅದೇ ರುಚಿ. ಆದರೆ ಸಿಪ್ಪೆ ಬಿಡಿಸಿದೊಡನೆ ಸಾರಾಯಿಯ ವಾಸನೆ ಮೂಗಿಗೆ ಹೊಡೆದರೆ ಆ ಹಣ್ಣು ದನಕ್ಕೇ ಇರಲಿ.

ಪುಸ್ತಕ, ಮೊಬೈಲು, ಎಲ್ಲಿ ನೋಡಿದರೂ ‘ಮೂರು ಬಾಳೆಹಣ್ಣು’ ಎಂದೇ ಬರೆದಿರುತ್ತದೆ. ಅದು ಪಚ್ಚಬಾಳೆಯ ಲೆಕ್ಕ. ಸಿಪ್ಪೆ ತೆಗೆದ ಪಚ್ಚಬಾಳೆ ಒಂದಕ್ಕೆ 100 ಗ್ರಾಂ ತೂಗಿದರೆ ನಮ್ಮ ಪುಟ್ಟಬಾಳೆ ಅದರ ಅರ್ಧ ತೂಗುವುದೇ ಕಷ್ಟ. ಹಾಗಾಗಿ ಹಣ್ಣನ್ನು ಎಣಿಸಲು ಹೋಗಬೇಡಿ, ಕಿವುಚಿ ಅಳೆಯಿರಿ: ಒಂದೂಕಾಲು ಕಪ್, ತೂಕದಲ್ಲಿ 300 ಗ್ರಾಂ. ಪುಟ್ಟಬಾಳೆಗೆ ಸಿಹಿಯೂ ಪರಿಮಳವೂ ಜಾಸ್ತಿ, ನೀರು ಕಡಿಮೆ. ಹಿಟ್ಟು ಗಟ್ಟಿ ಅನ್ನಿಸಿದರೆ ಎರಡು ಚಮಚ ಹಾಲು ಸೇರಿಸಿದರಾಯಿತು. ನನ್ನನ್ನು ಕೇಳಿದರೆ, ಚಾಕೊಲೇಟಿನ ಕಹಿಯ ಎದುರು ನಿಲ್ಲುವ ತಾಕತ್ತಿರುವುದು ಪುಟ್ಟಬಾಳೆಗೇ.

ಇನ್ನು ಕೋಕೋ. ಪೇಟೆಯ ಡಬ್ಬಿಯಲ್ಲಿ ಬರುವ ಪುಡಿ ಎಂದುಕೊಂಡರೂ ಅದರ ಗಿಡ ಅಡಿಕೆ ತೋಟದ ನೆರಳಿಗೆ ಹೊಸಬನಲ್ಲ. ಕಾಂಡಕ್ಕೇ ಅಂಟಿಕೊಂಡು ಬಿಡುವ ಆ ಕಾಯಿ ಒಡೆದರೆ ಬೀಜದ ಸುತ್ತ ಬಿಳಿ ತಿರುಳು, ಹುಳಿಸಿಹಿ. ಮಕ್ಕಳು ಅದನ್ನು ಚೀಪಿ ಬೀಜ ಉಗಿಯುತ್ತಾರೆ. ಮಂಗ, ಅಳಿಲು ಮಾಡುವುದೂ ಅದನ್ನೇ, ಬೆಳೆಗಾರನ ಹೊಟ್ಟೆ ಉರಿಯುವುದಷ್ಟೇ ವ್ಯತ್ಯಾಸ. ಚಾಕೊಲೇಟಿನ ವಾಸನೆ ಹಸಿ ಬೀಜದಲ್ಲಿ ಇರುವುದೇ ಇಲ್ಲ. ಸುಮಾರು ಒಂದು ವಾರ ರಾಶಿ ಹಾಕಿ ಹುದುಗಿಸಿ, ಒಣಗಿಸಿ, ಹುರಿದ ಮೇಲೆ ಅದು ಏಳುತ್ತದೆ. ಹುರಿದ ಬೀಜ ಅರೆದು, ಅದರ ಬೆಣ್ಣೆಯನ್ನು ಹಿಂಡಿ ತೆಗೆದ ಮೇಲೆ ಉಳಿಯುವ ಹಿಂಡಿಯ ಪುಡಿಯೇ ನಮ್ಮ ಡಬ್ಬಿಯ ಕೋಕೋ. 1973ರಲ್ಲಿ ಅಡಿಕೆ ಬೆಳೆಗಾರರಿಗಾಗಿ ಮಂಗಳೂರಿನಲ್ಲಿ ಹುಟ್ಟಿದ ಕ್ಯಾಂಪ್ಕೊ, ಕೋಕೋ ಧಾರಣೆ ನೆಲಕಚ್ಚಿದಾಗ ಅದರ ಖರೀದಿಗೂ ಇಳಿಯಿತು. 1986ರಲ್ಲಿ ಪುತ್ತೂರಿನಲ್ಲಿ ಚಾಕೊಲೇಟ್ ಕಾರ್ಖಾನೆಯನ್ನೇ ಕಟ್ಟಿತು.

ಸಿಹಿ ಬೆರೆಸಿದ ಕುಡಿಯುವ ಪುಡಿ ಈ ಕೆಲಸಕ್ಕೆ ಆಗದು, ಬರೀ ಕೋಕೋ ಬೇಕು. ಅದರಲ್ಲೂ ಕ್ಷಾರ ಹಾಕಿ ಸಂಸ್ಕರಿಸದ ತಿಳಿಕಂದು ಪುಡಿ ಸಿಕ್ಕರೆ ಒಳ್ಳೆಯದು. ಅದರ ಸಣ್ಣ ಹುಳಿಗೆ, ಬಾಳೆಹಣ್ಣಿನ ಹುಳಿಗೆ ಅಡುಗೆ ಸೋಡ ಬಿದ್ದಾಗಲೇ ಹಿಟ್ಟು ಉಬ್ಬುವುದು. ಮಳೆಗಾಲದಲ್ಲಿ ಇಡ್ಲಿ ಹಿಟ್ಟು ಹುದುಗದೆ ನಮ್ಮನ್ನು ಸತಾಯಿಸುತ್ತದಲ್ಲ, ಮಫಿನ್‌ಗೆ ಆ ಕಾಟ ಇಲ್ಲ. ಥಂಡಿಗೂ ಸೋಡಕ್ಕೂ ಸಂಬಂಧವಿಲ್ಲ, ಡಬ್ಬಿಯೊಳಗೆ ತೇವ ಹೋಗಿರಬಾರದು ಅಷ್ಟೆ. ವರ್ಷಕ್ಕೆ 7,000 ಮಿಲಿಮೀಟರ್ ದಾಟಿ ಮಳೆ ಸುರಿಯುವ ಆಗುಂಬೆಯ ಕಡೆಯವರಿಗೆ ಇದೇ ದೊಡ್ಡ ಪಂಥ. ಬೇಕಿಂಗ್ ಪೌಡರನ್ನು ಬಿಸಿನೀರಿಗೆ, ಸೋಡವನ್ನು ನಿಂಬೆರಸಕ್ಕೆ ಚಿಟಿಕೆ ಹಾಕಿ ನೋಡಿ. ಬುಸ್ಸೆಂದು ನೊರೆ ಎದ್ದರೆ ಸರಿ, ಸುಮ್ಮನಿದ್ದರೆ ಹೊಸದು ತನ್ನಿ.

ಅಳತೆ ಬರೆದುಕೊಳ್ಳುವವರು ಬರೆದುಕೊಳ್ಳಿ. ಮೈದಾ ಒಂದೂವರೆ ಕಪ್, ಅಂದರೆ 190 ಗ್ರಾಂ. ಕೋಕೋ 40 ಗ್ರಾಂ. ಸೋಡ ಮುಕ್ಕಾಲು ಟೀ ಚಮಚ, ಬೇಕಿಂಗ್ ಪೌಡರ್ ಅರ್ಧ, ಉಪ್ಪು ಕಾಲು. ಇವನ್ನು ಒಟ್ಟಿಗೆ ಜರಡಿ ಹಿಡಿಯಿರಿ, ಕೋಕೋ ಗಂಟು ಕಟ್ಟಿರುತ್ತದೆ. ಇನ್ನೊಂದು ಪಾತ್ರೆಯಲ್ಲಿ ಕಿವುಚಿದ ಹಣ್ಣು, 120 ಗ್ರಾಂ ಸಕ್ಕರೆ, 80 ಮಿಲಿಲೀಟರ್ ವಾಸನೆಯಿಲ್ಲದ ಎಣ್ಣೆ, ಒಂದು ಮೊಟ್ಟೆ. ಮೊಟ್ಟೆ ತಿನ್ನದ ಮನೆಯಾದರೆ ಕಾಲು ಕಪ್ ಗಟ್ಟಿ ಮೊಸರು. ಸಕ್ಕರೆ ಬದಲು ಜೋನಿ ಬೆಲ್ಲ ಆಗುತ್ತದೆಯೇ ಎಂದು ಕೇಳುವವರಿದ್ದಾರೆ. ಅರ್ಧ ಪಾಲು ಆಗುತ್ತದೆ. ಪೂರ್ತಿ ಬೆಲ್ಲವೇ ಆದರೆ ಕೋಕೋ ಸುಮ್ಮನೆ ದಂಡ, ಬಾಯಿಗೆ ಬರುವುದು ಬೆಲ್ಲ ಮಾತ್ರ.

ಒಣ ಹಿಟ್ಟನ್ನು ಹಸಿಗೆ ಸುರಿದ ಮೇಲೆ ಕೈಗೆ ಕಡಿವಾಣ ಬೇಕು. ಬನ್ಸಿನ ಹಿಟ್ಟನ್ನು ನಾದಿ ರಾತ್ರಿಯಿಡೀ ಇಟ್ಟು ರೂಢಿಯಾದ ಕೈ ಇಲ್ಲೂ ನಾದಲು ಹೊರಡುತ್ತದೆ. ತಿರುವಿದಷ್ಟೂ ಮೈದಾದ ಅಂಟು ಬಲಿಯುತ್ತದೆ, ಮಫಿನ್ ರಬ್ಬರಾಗುತ್ತದೆ. ಮಗುಚುವ ಕೈಯಿಂದ ತಳದಿಂದ ಮೇಲಕ್ಕೆ ಹತ್ತು ಹನ್ನೆರಡು ಸಲ ಮಗುಚಿ, ಒಣ ಹಿಟ್ಟು ಕಣ್ಣಿಗೆ ಕಾಣದಾದಾಗ ನಿಲ್ಲಿಸಿ. ನೋಡಲು ಚೆಂದ ಇರುವುದಿಲ್ಲ, ಗಂಟುಗಂಟಾಗಿಯೇ ಇರುತ್ತದೆ. ಒಂದು ಹಿಡಿ ಚಾಕೊಲೇಟ್ ಚೂರು ಸೇರಿಸಿ, ತಡಮಾಡದೆ ಬಟ್ಟಲಿಗೆ ತುಂಬಿ. ಸೋಡದ ಗಾಳಿ ನಮಗಾಗಿ ಕಾಯುವುದಿಲ್ಲ.

ಓವನ್ ಇದ್ದವರಿಗೆ 180 ಡಿಗ್ರಿ ಸೆಲ್ಸಿಯಸ್, 20 ನಿಮಿಷ. ಮೊದಲೇ ಕಾಯಿಸಿಟ್ಟಿರಬೇಕು. ಹನ್ನೆರಡು ಮಫಿನ್ ಆಗುತ್ತವೆ. ಆದರೆ ಜುಲೈ ತಿಂಗಳಲ್ಲಿ ಓವನ್ ನಂಬಿ ಕೂತರೆ ಹಿಟ್ಟು ಒಳಗೆ ಹೋಗಿ ಹತ್ತು ನಿಮಿಷಕ್ಕೆ ಕರೆಂಟು ಹೋಗುತ್ತದೆ. 1964ರ ಲಿಂಗನಮಕ್ಕಿ ಅಣೆಕಟ್ಟಿನಿಂದ ಊರಿಗೆಲ್ಲ ಬೆಳಕು ಕೊಟ್ಟ ಜಿಲ್ಲೆ ನಮ್ಮದು, ಗಾಳಿಗೆ ಒಂದು ಮರ ಬಿದ್ದರೆ ಮೇಣದಬತ್ತಿ ಹುಡುಕುವವರೂ ನಾವೇ! ಇರಲಿ. ಮಳೆಗಾಲಕ್ಕೆ ಹಳೆಯ ಕುಕ್ಕರೇ ವಾಸಿ. ಗ್ಯಾಸ್ಕೆಟ್ ಮತ್ತು ವಿಷಲ್ ತೆಗೆದಿಡಿ, ನೀರು ಹಾಕಬೇಡಿ. ತಳಕ್ಕೆ ಒಂದು ಇಂಚು ಉಪ್ಪು ಹರಡಿ, ಮೇಲೆ ಸ್ಟ್ಯಾಂಡ್ ಇಟ್ಟು, ಮುಚ್ಚಿ ಹತ್ತು ನಿಮಿಷ ಕಾಯಿಸಿ. ಆಮೇಲೆ ಸ್ಟೀಲಿನ ಸಣ್ಣ ಬಟ್ಟಲುಗಳನ್ನು ಇಟ್ಟು ಸಣ್ಣ ಉರಿಯಲ್ಲಿ ಅರ್ಧ ಗಂಟೆ. ಕಾಗದದ ಕಪ್ ಸಿಗದಿದ್ದರೆ ಬಾಳೆಲೆಯನ್ನು ಕೆಂಡದ ಮೇಲೆ ಬಾಡಿಸಿ, ಸೀಳಿ, ಬಟ್ಟಲಿಗೆ ಒತ್ತಿ ಕೂರಿಸಿ. ಬಾಡಿಸದ ಎಲೆ ಮಡಚುವಾಗ ಹರಿಯುತ್ತದೆ. ಬೆಂದ ಮೇಲೆ ಎಲೆ ಬಿಡಿಸಿದರೆ ಮಫಿನ್ನಿನ ಮೈಮೇಲೆ ನರಗಳ ಗೆರೆ ಅಚ್ಚೊತ್ತಿರುತ್ತದೆ. ಈ ಅಂದ ಬೇಕರಿಯಲ್ಲಿ ದುಡ್ಡು ಕೊಟ್ಟರೂ ಸಿಗದು.

ಬಣ್ಣ ನೋಡಿ ಬೆಂದಿದೆ ಎನ್ನಲು ಇಲ್ಲಿ ದಾರಿಯಿಲ್ಲ, ಮೊದಲಿಂದಲೂ ಕಪ್ಪೇ. ತೆಂಗಿನಗರಿಯ ಕಡ್ಡಿ ತೊಳೆದು ಒರೆಸಿ ನಡುವೆ ಚುಚ್ಚಿ. ಕರಗಿದ ಚಾಕೊಲೇಟ್ ಅಂಟಿದರೆ ಪರವಾಗಿಲ್ಲ, ಹಸಿಹಿಟ್ಟು ಅಂಟಿದರೆ ಇನ್ನೂ ಐದು ನಿಮಿಷ.

ಬಿಸಿಯಲ್ಲೇ ತಿನ್ನುವವರನ್ನು ತಡೆಯಲು ನನ್ನಿಂದಾಗದು. ಆದರೆ ಬಾಳೆಯ ರುಚಿ ಮರುದಿನವೇ ಎದ್ದು ಕಾಣುವುದು. ಮಳೆಗಾಲದಲ್ಲಿ ಎರಡು ದಿನಕ್ಕಿಂತ ಹೊರಗಿಡಬೇಡಿ, ಬೂಸ್ಟು ಹಿಡಿಯುತ್ತದೆ. ಶಿವಮೊಗ್ಗದ ಹಾಸ್ಟೆಲಿನಲ್ಲಿರುವ ಮಕ್ಕಳಿಗೆ ಬೆಳಗಿನ ಬಸ್ಸಿನಲ್ಲಿ ಕಳಿಸುವುದಾದರೆ ಹಿಂದಿನ ದಿನ ಸಂಜೆಯೇ ಬೇಯಿಸಿ, ಬಟ್ಟೆ ಮುಚ್ಚಿ ಪೂರ್ತಿ ಆರಲು ಬಿಟ್ಟು, ಆಮೇಲೆ ಡಬ್ಬಿಗೆ ಹಾಕಿ. ರೂಮಿನವರದ್ದೂ ಸೇರಿಸಿ ಲೆಕ್ಕ ಹಾಕುವುದು ಕ್ಷೇಮ.

ನಮಸ್ಕಾರ.