70 ಮಿಲಿಯನ್ ಡಾಲರಿನ ಗೋಲ್‌ಕೀಪರ್

ಕೇಳುಗರಿಗೆ ನಮಸ್ಕಾರ. ಹಾಕಿ ಅಂದ ತಕ್ಷಣ ನಮಗೆ ಕೊಡಗು ನೆನಪಾಗುತ್ತದೆ. ಇವತ್ತು ನಾನು ಮಾತಾಡುವುದು ಐಸ್ ಹಾಕಿಯ ಬಗ್ಗೆ, ಅಮೆರಿಕ ಮತ್ತು ಕೆನಡಾದ ತಂಡಗಳು ಆಡುವ ಎನ್‌ಎಚ್‌ಎಲ್ ಲೀಗಿನ ಬಗ್ಗೆ. ಅಲ್ಲಿ ಪ್ರತಿವರ್ಷ ಒಂದು ಜಗಳ ಇದ್ದೇ ಇರುತ್ತದೆ. ವಯಸ್ಸಾದ, ಭಾರಿ ಸಂಬಳದ ಆಟಗಾರನೊಬ್ಬ ಸರಿಯಾಗಿ ಆಡುತ್ತಿಲ್ಲ. ಅವನು ಮತ್ತೆ ಎದ್ದು ನಿಲ್ಲುತ್ತಾನಾ, ಇಲ್ವಾ?

ಸೆರ್ಗೆಯ್ ಬಾಬ್ರೊವ್ಸ್ಕಿಯನ್ನೇ ನೋಡಿ. ರಷ್ಯಾದ ಗೋಲ್‌ಕೀಪರ್. ಕೊಲಂಬಸ್ ತಂಡದಲ್ಲಿದ್ದಾಗ 2013 ಮತ್ತು 2017 ರಲ್ಲಿ ಲೀಗಿನ ಅತ್ಯುತ್ತಮ ಗೋಲ್‌ಕೀಪರಿಗೆ ಕೊಡುವ ವೆಜಿನಾ ಟ್ರೋಫಿ ಗೆದ್ದವರು. 2019 ರ ಜುಲೈನಲ್ಲಿ ಫ್ಲೋರಿಡಾ ಪ್ಯಾಂಥರ್ಸ್ ಅವರಿಗೆ ಏಳು ವರ್ಷಕ್ಕೆ 70 ಮಿಲಿಯನ್ ಡಾಲರ್ ಬರೆದುಕೊಟ್ಟಿತು. ವರ್ಷಕ್ಕೆ ನಮ್ಮ ಲೆಕ್ಕದಲ್ಲಿ ಆಗ ಸುಮಾರು 70 ಕೋಟಿ ರೂಪಾಯಿ. ಅವರಿಗೆ ಆಗಲೇ 30 ವರ್ಷ.

ಮೊದಲ ವರ್ಷವೇ ಎಡವಟ್ಟಾಯಿತು. 2017 ರಲ್ಲಿ ನೂರು ಹೊಡೆತ ಬಂದರೆ 93 ತಡೆಯುತ್ತಿದ್ದವರು ಈಗ 90 ತಡೆದರು. ಬರೀ ಮೂರು ತಾನೇ ಅನ್ನಿಸಬಹುದು. ಆದರೆ ಒಂದು ಪಂದ್ಯದಲ್ಲಿ ಸುಮಾರು 30 ಹೊಡೆತ ಬರುತ್ತವೆ. ಅಂದರೆ ಪ್ರತಿ ಪಂದ್ಯಕ್ಕೂ ಒಂದು ಗೋಲು ಜಾಸ್ತಿ ಬಿಟ್ಟಹಾಗೆ. ಒಂದೊಂದು ಗೋಲಿನಲ್ಲೇ ಸೋಲು ಗೆಲುವು ತೀರ್ಮಾನವಾಗುವ ಆಟದಲ್ಲಿ ಅದು ಸಣ್ಣದಲ್ಲ.

ಇನ್ನೊಂದು ತೊಂದರೆ. ಎನ್‌ಎಚ್‌ಎಲ್‌ನಲ್ಲಿ ಇಡೀ ತಂಡದ ಸಂಬಳಕ್ಕೆ ಒಂದು ಮಿತಿ ಇದೆ. ಆ ವರ್ಷ ಅದು 81.5 ಮಿಲಿಯನ್ ಡಾಲರ್. ಮಾಲೀಕ ಎಷ್ಟೇ ಶ್ರೀಮಂತನಾಗಿರಲಿ, ಅದನ್ನು ಮೀರುವಂತಿಲ್ಲ. ಇಪ್ಪತ್ತಕ್ಕೂ ಹೆಚ್ಚು ಆಟಗಾರರ ದುಡ್ಡಿನಲ್ಲಿ ಎಂಟನೇ ಒಂದು ಭಾಗ ಇವರೊಬ್ಬರಿಗೇ ಹೋಯಿತು. ಅಭಿಮಾನಿಗಳ ಸಿಟ್ಟು ಸುಮ್ನೆ ಹೊಟ್ಟೆಕಿಚ್ಚಿನದಲ್ಲ. ಆ ಹಣದಲ್ಲಿ ಬರಬಹುದಾಗಿದ್ದ ಇನ್ನಿಬ್ಬರು ಒಳ್ಳೆಯ ಆಟಗಾರರು ತಂಡದಲ್ಲಿಲ್ಲ ಅನ್ನುವ ಸಿಟ್ಟು.

2021 ರ ಪ್ಲೇಆಫ್‌ನಲ್ಲಿ ಅವರನ್ನು ಕೂರಿಸಿ, ಸ್ಪೆನ್ಸರ್ ನೈಟ್ ಎಂಬ 20 ವರ್ಷದ ಹುಡುಗನನ್ನು ಇಳಿಸಿದರು. 2023 ರಲ್ಲಿ ಇನ್ನೂ ಕೆಟ್ಟದಾಯಿತು. ಲೀಗಿನ ಕೊನೆಯ ವಾರಗಳಲ್ಲಿ ಕೆಳಗಿನ ಲೀಗಿನಿಂದ ಬಂದ, ಬಹಳ ಕಡಿಮೆ ಸಂಬಳದ ಅಲೆಕ್ಸ್ ಲಯನ್ ಗೋಲು ಕಾದು ತಂಡವನ್ನು ಹೇಗೋ ಪ್ಲೇಆಫ್‌ಗೆ ತಲುಪಿಸಿದರು. 70 ಮಿಲಿಯನ್ ಡಾಲರಿನವರು ಬೆಂಚಿನಲ್ಲಿ.

ಎದುರಿಗೆ ಬೋಸ್ಟನ್. ಏಳು ಪಂದ್ಯಗಳ ಸರಣಿ, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಆ ವರ್ಷ 65 ಪಂದ್ಯ ಗೆದ್ದು ದಾಖಲೆ ಮಾಡಿದ್ದ ತಂಡ. ಮೂರನೇ ಪಂದ್ಯದ ನಡುವೆ ಲಯನ್‌ರನ್ನು ತೆಗೆದು ಬಾಬ್ರೊವ್ಸ್ಕಿಯನ್ನು ಇಳಿಸಿದರು. ಅದೂ ಸೋಲು. ನಾಲ್ಕನೆಯದೂ ಸೋಲು, 6-2. ಅಲ್ಲಿಗೆ ಮೂರು ಸೋಲು. ಇನ್ನೊಂದು ಸೋತರೆ ಮನೆಗೆ. ಐದನೇ ಪಂದ್ಯ, 3-3 ಸಮ, ಕೊನೆಯ ಸೆಕೆಂಡುಗಳು. ಬೋಸ್ಟನ್ನಿನ ಬ್ರ್ಯಾಡ್ ಮಾರ್ಷಂಡ್ ಒಬ್ಬರೇ ನುಗ್ಗಿ ಬಂದರು. ಅಡ್ಡ ಬರಲು ಒಬ್ಬರೂ ಇಲ್ಲ. ಬಾಬ್ರೊವ್ಸ್ಕಿ ತಡೆದರು. ಹೆಚ್ಚುವರಿ ಸಮಯದಲ್ಲಿ ಫ್ಲೋರಿಡಾದ ಮ್ಯಾಥ್ಯೂ ಕಚಕ್ ಗೋಲು ಹೊಡೆದರು. ಆರನೇ ಪಂದ್ಯದಲ್ಲಿ ಬಾಬ್ರೊವ್ಸ್ಕಿ ಐದು ಗೋಲು ಬಿಟ್ಟರು ಅನ್ನುವುದನ್ನೂ ಹೇಳಲೇಬೇಕು. ತಂಡ ಏಳು ಹೊಡೆದು ಮಾನ ಉಳಿಸಿತು. ಏಳನೆಯದನ್ನೂ ಫ್ಲೋರಿಡಾ ಗೆದ್ದಿತು. ಮುಂದೆ ಕ್ಯಾರೊಲೈನಾ ವಿರುದ್ಧ ಮೊದಲ ಪಂದ್ಯ ನಾಲ್ಕನೇ ಹೆಚ್ಚುವರಿ ಅವಧಿಯವರೆಗೆ ನಡೆಯಿತು. ಆ ಒಂದೇ ರಾತ್ರಿ ಅವರು 63 ಹೊಡೆತ ತಡೆದರು.

2023 ರ ಫೈನಲ್ ಸೋತರು. 2024 ಮತ್ತು 2025 ರಲ್ಲಿ ಲೀಗಿನ ಚಾಂಪಿಯನ್ನರಿಗೆ ಕೊಡುವ ಸ್ಟ್ಯಾನ್ಲಿ ಕಪ್ ಗೆದ್ದರು, ಎರಡು ಸಲವೂ ಎಡ್ಮಂಟನ್ ವಿರುದ್ಧ. ಇನ್ನೊಂದು ತಮಾಷೆ ಇದೆ. 2025 ರಲ್ಲಿ ಮಾರ್ಷಂಡ್ ಫ್ಲೋರಿಡಾಕ್ಕೇ ಬಂದಿದ್ದರು. ಇಬ್ಬರೂ ಸೇರಿಯೇ ಕಪ್ ಎತ್ತಿದರು.

ಇದೆಲ್ಲ ಆದದ್ದು ಹೇಗೆ? ಛಲ, ಹಟ ಅಂತ ಹೇಳಿ ಮುಗಿಸುವುದು ಸುಲಭ. ನನಗನ್ನಿಸುವುದು ಬೇರೆ. ಅವರನ್ನು ಉಳಿಸಿದ್ದು ಎಲ್ಲರೂ ಬೈದ ಅದೇ ಒಪ್ಪಂದ. ಅವರು ಒಪ್ಪದೆ ಬೇರೆ ತಂಡಕ್ಕೆ ಕಳಿಸುವಂತಿರಲಿಲ್ಲ. ಅಷ್ಟು ಸಂಬಳ ಹೊರಲು ಯಾರೂ ಮುಂದೆ ಬರುವಂತೆಯೂ ಇರಲಿಲ್ಲ. ಕಡಿಮೆ ಸಂಬಳದವರಾಗಿದ್ದರೆ 2021 ರಲ್ಲೇ ಗಂಟುಮೂಟೆ ಕಟ್ಟಬೇಕಿತ್ತು. ಜೊತೆಗೆ ಅವರ ಮುಂದೆ ಆಡುವ ತಂಡವೂ ಬಲವಾಯಿತು.

ಎಲ್ಲರಿಗೂ ಹೀಗಾಗುತ್ತದೆ ಅಂತ ಹೇಳಲಾರೆ. ಕಚಕ್ ಫ್ಲೋರಿಡಾಕ್ಕೆ ಬಂದಾಗ ಬದಲಿಗೆ ಕ್ಯಾಲ್ಗರಿಗೆ ಹೋದವರಲ್ಲಿ ಜೊನಾಥನ್ ಹ್ಯೂಬರ್ಡೊ ಒಬ್ಬರು. ಅದಕ್ಕೆ ಹಿಂದಿನ ಋತುವಿನಲ್ಲಿ ಅವರು ಗೋಲು, ಅಸಿಸ್ಟ್ (ಗೋಲಿಗೆ ನೆರವಾದ ಪಾಸ್) ಸೇರಿ 115 ಪಾಯಿಂಟ್ ಗಳಿಸಿದ್ದರು. ಹೊಸ ತಂಡಕ್ಕೆ ಒಂದು ಪಂದ್ಯವನ್ನೂ ಆಡುವ ಮೊದಲೇ ಎಂಟು ವರ್ಷಕ್ಕೆ 84 ಮಿಲಿಯನ್ ಸಿಕ್ಕಿತು. ಮರುವರ್ಷ ಬಂದದ್ದು 55, ಆಮೇಲೆ 52. ಫ್ಲೋರಿಡಾ ಆಗ ಮುನ್ನುಗ್ಗಿ ಗೋಲು ಸುರಿಸುತ್ತಿದ್ದ ತಂಡ. ಕ್ಯಾಲ್ಗರಿ ಮೊದಲು ರಕ್ಷಣೆ ಅನ್ನುವ ತಂಡ. ಪಾಸ್ ಕೊಡುವವನಿಗೆ ಅದನ್ನು ಗೋಲು ಮಾಡುವ ಜೊತೆಗಾರರು ಬೇಕು, ಅಲ್ವಾ? ಗೋಲ್‌ಕೀಪರ್ ಕೆಲಸ ಎಲ್ಲಿ ಹೋದರೂ ಹೆಚ್ಚುಕಡಿಮೆ ಅದೇ. ಹ್ಯೂಬರ್ಡೊ ಕೆಲಸ ಹಾಗಲ್ಲ.

2024-25 ರಲ್ಲಿ ಅವರು 28 ಗೋಲು ಹೊಡೆದು 62 ಪಾಯಿಂಟಿಗೆ ಬಂದರು. ಒಪ್ಪಂದ 2031 ರವರೆಗೂ ಇದೆ. 115 ಮತ್ತೆ ಬರುತ್ತದೆ ಅಂತ ನನಗೆ ಅನ್ನಿಸುವುದಿಲ್ಲ. ಅರವತ್ತು ಚಿಲ್ಲರೆ ಪಾಯಿಂಟ್ ತಂದರೆ ಅವರು ಒಳ್ಳೆಯ ಆಟಗಾರರೇ. ವರ್ಷಕ್ಕೆ 10.5 ಮಿಲಿಯನ್ನಿಗೆ ಅದು ಸಾಲದು ಅಂತ ಕ್ಯಾಲ್ಗರಿಯ ಜನ ಗೊಣಗಿದರೆ, ಅದರಲ್ಲೂ ತಪ್ಪೇನಿಲ್ಲ. ನಮಸ್ಕಾರ.