ಸಿಂಪ್ಯೂಟರ್ ಸೋತದ್ದೆಲ್ಲಿ?

ವಿದ್ಯಾರ್ಥಿ ಮಿತ್ರರೇ,

ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಗೆದ್ದ ಯಂತ್ರಗಳ ಕಥೆ ಹೇಳುವುದು ರೂಢಿ. ನಾನು ಇಂದು ಮಾತನಾಡುವುದು ಬೆಂಗಳೂರಿನಲ್ಲೇ ಹುಟ್ಟಿ, ಹೊರದೇಶದ ಪತ್ರಿಕೆಗಳಲ್ಲೂ ಹೆಸರು ಮಾಡಿ, ಕೆಲವೇ ವರ್ಷಗಳಲ್ಲಿ ಮರೆಯಾದ ಸಿಂಪ್ಯೂಟರ್ ಎಂಬ ಪುಟ್ಟ ಗಣಕದ ಬಗ್ಗೆ.

ಭಾರತೀಯ ವಿಜ್ಞಾನ ಸಂಸ್ಥೆಯ ವಿಜಯ್ ಚಂದ್ರು, ಸ್ವಾಮಿ ಮನೋಹರ್, ರಮೇಶ್ ಹರಿಹರನ್, ವಿ. ವಿನಯ್ ಅವರೂ ಎನ್‌ಕೋರ್ ಸಾಫ್ಟ್‌ವೇರ್‌ನ ವಿನಯ್ ದೇಶಪಾಂಡೆಯವರೂ ಮತ್ತವರ ಸಂಗಡಿಗರೂ ಸೇರಿ ಹಳ್ಳಿಯವರಿಗೂ ಎಟುಕುವ ಗಣಕ ರೂಪಿಸಲು ಟ್ರಸ್ಟ್ ಒಂದನ್ನು ಕಟ್ಟಿದರು. 2001ರ ಏಪ್ರಿಲ್‌ನಲ್ಲಿ ಮೊದಲ ಮಾದರಿ ಹೊರಬಂತು. ಅಂಗೈಯಲ್ಲಿ ಹಿಡಿಯುವ ಗಣಕ, ಒಳಗೆ ಲಿನಕ್ಸ್ ಎಂಬ ಮುಕ್ತ ಕಾರ್ಯಾಚರಣಾ ವ್ಯವಸ್ಥೆ. ಓದು ಬಾರದವರಿಗಾಗಿ ಪರದೆಯ ಮೇಲಿನ ಪಠ್ಯವನ್ನು ನಮ್ಮ ಭಾಷೆಗಳಲ್ಲೇ ಓದಿ ಹೇಳುವ ತಂತ್ರಾಂಶವೂ ಇತ್ತು. ಅಂದುಕೊಂಡಿದ್ದ ಬೆಲೆ ಸುಮಾರು 9,000 ರೂಪಾಯಿ.

ಹಳ್ಳಿಯ ಒಂದು ಕುಟುಂಬಕ್ಕೆ ಅಷ್ಟು ಹಣ ಹೊರೆ ಎಂಬುದು ಅವರಿಗೆ ಗೊತ್ತಿತ್ತು. ಸ್ಮಾರ್ಟ್ ಕಾರ್ಡ್ ಬಂದದ್ದು ಅದಕ್ಕಾಗಿಯೇ. ಊರಿಗೆ ಒಂದು ಉಪಕರಣ, ಒಬ್ಬೊಬ್ಬರಿಗೂ ಒಂದೊಂದು ಕಾರ್ಡ್. ನಿಮ್ಮ ಕಾರ್ಡ್ ತೂರಿಸಿದರೆ ನಿಮ್ಮ ವಿವರಗಳು ತೆರೆದುಕೊಳ್ಳುತ್ತವೆ, ತೆಗೆದರೆ ಮುಂದಿನವರ ಸರದಿ. ಇಡೀ ವಿನ್ಯಾಸದಲ್ಲಿ ನನಗೆ ಅತ್ಯಂತ ಪ್ರಿಯವಾದ ಯೋಚನೆ ಇದು. ತೊಡಕು ಶುರುವಾದದ್ದೂ ಇಲ್ಲಿಂದಲೇ ಎಂದು ನನ್ನ ಅನಿಸಿಕೆ. ಹತ್ತು ಜನ ಬಳಸುವ ವಸ್ತುವಿಗೆ ದುಡ್ಡು ಹಾಕುವವರು ಯಾರು? ಕಾರ್ಡ್ ಹಂಚುವವರು, ಕೆಟ್ಟರೆ ರಿಪೇರಿ ಮಾಡಿಸುವವರು ಯಾರು? ರೈತನಿಗೆ ಬೇಕಾದ ಇವತ್ತಿನ ಮಾರುಕಟ್ಟೆ ದರವನ್ನು ಅದಕ್ಕೆ ದಿನವೂ ತುಂಬುವವರು ಯಾರು? ಸರ್ಕಾರಗಳು ದೊಡ್ಡ ಸಂಖ್ಯೆಯಲ್ಲಿ ಕೊಂಡುಕೊಳ್ಳುತ್ತವೆ ಎಂಬ ನಿರೀಕ್ಷೆ ಕೈಗೂಡಲಿಲ್ಲ. ಬೇಡಿಕೆ ಹೆಚ್ಚದೆ ಬೆಲೆ ಇಳಿಯದು, ಬೆಲೆ ಇಳಿಯದೆ ಬೇಡಿಕೆ ಹೆಚ್ಚದು.

2004ರಲ್ಲಿ ಸಾರ್ವಜನಿಕ ವಲಯದ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ತಯಾರಿಸಿದ ‘ಅಮಿಡಾ’ ಎಂಬ ಸಿಂಪ್ಯೂಟರ್ ಮಾರುಕಟ್ಟೆಗೆ ಬಂತು. ಕೈಯಲ್ಲಿ ಹಿಡಿದು ಓರೆ ಮಾಡಿದರೆ ಪುಟ ತಿರುಗುತ್ತಿತ್ತು! ಪರದೆಯ ಮೇಲೆ ಕನ್ನಡದಲ್ಲೇ ಗೀಚಿ ಇಮೇಲ್ ಕಳುಹಿಸಬಹುದಿತ್ತು. ಐಫೋನ್ ಬರುವುದಕ್ಕೆ ಇನ್ನೂ ಮೂರು ವರ್ಷವಿತ್ತು ಎಂಬುದನ್ನು ನೆನಪಿಡಿ. ಆದರೆ ಬಣ್ಣದ ಪರದೆ ಬೇಕೆಂದರೆ ಬೆಲೆ ಸುಮಾರು ಇಮ್ಮಡಿಯಾಗುತ್ತಿತ್ತು. ಮಾರಾಟವಾದದ್ದು ಕೆಲವೇ ಸಾವಿರ.

ಅಷ್ಟರಲ್ಲಿ ಮೊಬೈಲ್ ಊರೂರು ಹೊಕ್ಕಿತ್ತು. 2003ರಲ್ಲಿ ಒಳಬರುವ ಕರೆಗಳು ಉಚಿತವಾದ ಮೇಲಂತೂ ತಡೆಯೇ ಇರಲಿಲ್ಲ. ಓದು ಬಾರದವರಿಗೆ ಯಂತ್ರ ಓದಿ ಹೇಳಬೇಕೆಂದು ನಮ್ಮ ವಿಜ್ಞಾನಿಗಳು ಶ್ರಮಿಸಿದರು. ಮೊಬೈಲ್ ಇದ್ದವರು ಮಂಡಿಯಲ್ಲಿದ್ದ ಪರಿಚಯದವರಿಗೇ ಫೋನ್ ಮಾಡಿ ದರ ಕೇಳಿದರು. ಆ ದರವನ್ನು ಯಾರೂ ಯಾವ ಗಣಕಕ್ಕೂ ತುಂಬಬೇಕಾಗಿರಲಿಲ್ಲ. ಫೋನನ್ನು ಕೊಂಡವರೇ ಜೋಪಾನ ಮಾಡುತ್ತಿದ್ದರು, ಕೆಟ್ಟರೆ ಪೇಟೆಯ ಅಂಗಡಿಯಲ್ಲಿ ಸರಿಮಾಡಿಸುತ್ತಿದ್ದರು.

ಇದರಿಂದ ಆ ವಿಜ್ಞಾನಿಗಳು ನನ್ನ ಕಣ್ಣಿನಲ್ಲಿ ಕಿಂಚಿತ್ತೂ ಚಿಕ್ಕವರಾಗುವುದಿಲ್ಲ. ಅವರು ಯಂತ್ರಾಂಶದ ವಿನ್ಯಾಸವನ್ನೂ ಪರವಾನಗಿಯಡಿ ಇತರರಿಗೆ ತೆರೆದಿಟ್ಟಿದ್ದರು. ಆ ವಿನ್ಯಾಸ, ಹಳ್ಳಿಗಳಲ್ಲಿ ನಡೆದ ಪ್ರಯೋಗಗಳ ಅನುಭವ ಎರಡೂ ನಮ್ಮ ಕಾಲೇಜುಗಳ ಪಠ್ಯಕ್ಕೆ ಬರಬೇಕು. ಅಂತಿಮ ವರ್ಷದ ಪ್ರಾಜೆಕ್ಟ್ ಪರೀಕ್ಷಿಸುವಾಗ ಸರ್ಕ್ಯೂಟ್ ಕೆಲಸ ಮಾಡುತ್ತದೆಯೇ ಎಂದಷ್ಟೇ ಕೇಳುವ ಅಧ್ಯಾಪಕರು, ಎರಡನೆಯ ವರ್ಷ ಅದರ ಖರ್ಚು ಹೊರುವವರು ಯಾರು ಎಂದೂ ಕೇಳಲಿ ಎಂಬುದು ನನ್ನ ಒತ್ತಾಯ.